ಎಂಬತ್ತೇಳರಲ್ಲಿ ಒಂದು ಪಾಲು ಹಳಿ

ಮಾದರಿ ರೈಲು ಕಟ್ಟುವವರು ಎಂಜಿನ್ನಿಗೆ ಸಾವಿರಾರು ರೂಪಾಯಿ ಕೊಡುತ್ತಾರೆ. ಬೋಗಿಯ ಬಣ್ಣ ತುಸು ಹೆಚ್ಚುಕಡಿಮೆಯಾದರೂ ಅವರಿಗೆ ಸಮಾಧಾನವಿಲ್ಲ. ಹಳಿಯ ವಿಷಯಕ್ಕೆ ಬಂದರೆ ಮಾತ್ರ ಪೆಟ್ಟಿಗೆಯಿಂದ ತೆಗೆದದ್ದನ್ನು ಹಾಗೆಯೇ ಹಲಗೆಗೆ ಜಡಿದುಬಿಡುತ್ತಾರೆ. ಕೆಳಗೆ ಹೊಳೆಯುವ ಲೋಹ, ಕಪ್ಪು ಪ್ಲಾಸ್ಟಿಕ್ ಸ್ಲೀಪರು; ಮೇಲೆ ಎಷ್ಟೇ ಚೆಂದದ ಎಂಜಿನ್ ಓಡಿದರೂ ನೋಡುವವರ ಕಣ್ಣಿಗೆ ಅದು ಆಟಿಕೆಯೇ. ಹಳಿಯೂ ಒಂದು ಮಾದರಿ, ಮತ್ತು ಇಡೀ ದೃಶ್ಯದಲ್ಲಿ ಎಲ್ಲಕ್ಕಿಂತ ಉದ್ದನೆಯ ಮಾದರಿ. ಅದನ್ನು ನಿಜದಂತೆ ಕಾಣಿಸಲು ಅಳತೆಗಳನ್ನು ಕುಗ್ಗಿಸಿದರೆ ಸಾಲದು. ಉದ್ದವನ್ನು ಕುಗ್ಗಿಸಬಹುದು, ಬೆಳಕು, ನೀರಿನ ಮೇಲ್ಮೈ ಎಳೆತ, ಗಾಳಿಯ ತೇವ ಇವು ನಮ್ಮ ಸ್ಕೇಲಿಗೆ ತಕ್ಕಂತೆ ಕುಗ್ಗುವುದಿಲ್ಲ. ಈ ಕಸುಬಿನ ಕಷ್ಟವೂ ಸೊಗಸೂ ಅಲ್ಲಿಯೇ ಇದೆ.

ಮಾದರಿಗೊಂದು ಮೂಲ ಬೇಕು. ಗಡಿಭಾಗದ ಕನ್ನಡಿಗರಿಗೆ ಕೊಲ್ಹಾಪುರ–ಮಿರಜ್ ಮಾರ್ಗಕ್ಕಿಂತ ಒಳ್ಳೆಯ ಮೂಲ ಹತ್ತಿರದಲ್ಲಿಲ್ಲ ಎಂದು ನನ್ನ ಅಭಿಪ್ರಾಯ. ಕೊಲ್ಹಾಪುರ ಸಂಸ್ಥಾನದ ರೈಲು 1891ರಲ್ಲಿ ಮೀಟರ್ ಗೇಜಿನ ಮೇಲೆ ಓಡತೊಡಗಿತು. ಉದ್ದ ಸುಮಾರು 47 ಕಿಲೋಮೀಟರ್. ಮಿರಜ್ ಬಿಟ್ಟು ಕೃಷ್ಣೆಯನ್ನು ದಾಟಿದರೆ ಜಯಸಿಂಗಪುರ, ಮುಂದೆ ಹಾತಕಣಂಗಲೆ, ರುಕಡಿ. ಆಮೇಲೆ ಪಂಚಗಂಗೆಯ ಸೇತುವೆ, ವಳಿವಡೆ, ಬೆಲ್ಲದ ಪೇಟೆಯ ಹೆಸರು ಹೊತ್ತ ಗೂಳ್ ಮಾರ್ಕೆಟ್, ಕೊನೆಗೆ ಕೊಲ್ಹಾಪುರ. ಅಲ್ಲಿಗೆ ಹಳಿ ಮುಗಿಯುತ್ತದೆ. ಈಗ ಆ ನಿಲ್ದಾಣಕ್ಕೆ ಛತ್ರಪತಿ ಶಾಹು ಮಹಾರಾಜರ ಹೆಸರಿದೆ. ಹಳಿ ಕೊನೆಗೊಳ್ಳುವ ನಿಲ್ದಾಣ ಮಾದರಿಕಾರನಿಗೆ ದೊಡ್ಡ ಅನುಕೂಲ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಮಿರಜ್ ಇನ್ನೂ ಸ್ವಾರಸ್ಯದ ಜಾಗ. ಬಾರ್ಸಿ ಲೈಟ್ ರೈಲ್ವೆಯ ನ್ಯಾರೋ ಗೇಜ್ ಹಳಿ 1927ರಲ್ಲಿ ಅಲ್ಲಿಗೆ ಬಂದು ಸೇರಿತ್ತು. 1970ರ ದಶಕದ ಆರಂಭದಲ್ಲಿ ಪುಣೆ–ಕೊಲ್ಹಾಪುರ ದಾರಿ ಬ್ರಾಡ್ ಗೇಜಾಯಿತು. ಬೆಳಗಾವಿ ಕಡೆಯ ಮಾರ್ಗ ಮಾತ್ರ ಇನ್ನೂ ಇಪ್ಪತ್ತು ವರ್ಷದಷ್ಟು ಮೀಟರ್ ಗೇಜಾಗಿಯೇ ಉಳಿಯಿತು. ಹೀಗಾಗಿ ಒಂದೇ ಊರಲ್ಲಿ 1676, 1000 ಮತ್ತು 762 ಮಿಲಿಮೀಟರಿನ ಮೂರು ಅಗಲದ ಹಳಿಗಳಿದ್ದವು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಸ್ಕೇಲಿಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇವನ್ನು ಇಳಿಸಿದರೆ 19.3, 11.5 ಮತ್ತು 8.8 ಮಿಲಿಮೀಟರ್ ಬರುತ್ತದೆ. ಕೊನೆಯ ಎರಡಕ್ಕೆ ಅಂಗಡಿಯಲ್ಲಿ ಸಿಗುವ 12 ಮತ್ತು 9 ಮಿಲಿಮೀಟರಿನ ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ. ತೊಡಕು ಇರುವುದು ನಮ್ಮ ಬ್ರಾಡ್ ಗೇಜಿನಲ್ಲೇ. ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್, ಅದು ಯುರೋಪ್, ಅಮೆರಿಕದ 1435 ಮಿಲಿಮೀಟರ್ ಹಳಿಯ ಪ್ರತಿರೂಪ. ಅದರ ಮೇಲೆ ಭಾರತದ ಎಂಜಿನ್ ನಿಲ್ಲಿಸಿದರೆ ಅಗಲ ದೇಹದ ಕೆಳಗೆ ಕಾಲುಗಳು ಒಳಕ್ಕೆ ಸೇರಿಕೊಂಡಂತೆ ಕಾಣುತ್ತದೆ. 19.3 ಬೇಕೆಂದರೆ ಹಳಿಯನ್ನೂ ಗಾಲಿಯ ಅಚ್ಚನ್ನೂ ಕೈಯಿಂದಲೇ ಮಾಡಿಕೊಳ್ಳಬೇಕು. ಹೊಸಬರಿಗೆ ನನ್ನ ಸಲಹೆ ಮೀಟರ್ ಗೇಜ್ ಕಾಲದ ಕೊಲ್ಹಾಪುರ. ಲೆಕ್ಕಕ್ಕೂ ಅದು ಹತ್ತಿರ, ಜಾಗವೂ ಕಡಿಮೆ ಸಾಕು.

ಅಗಲದಷ್ಟೇ ಮುಖ್ಯವಾದದ್ದು ಹಳಿಯ ಎತ್ತರ. ಅದನ್ನು ಗಮನಿಸುವವರು ಕಡಿಮೆ. ಮಾದರಿ ಹಳಿಗಳಿಗೆ ಕೋಡ್ 100, ಕೋಡ್ 75 ಎಂಬ ಸಂಖ್ಯೆಗಳಿರುತ್ತವೆ. ಅದು ಇಂಚಿನ ಸಾವಿರದ ಪಾಲಿನಲ್ಲಿ ಹಳಿಯ ಎತ್ತರ. ಕೋಡ್ 100 ಎಂದರೆ 2.54 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 221 ಮಿಲಿಮೀಟರ್ ಎತ್ತರದ ಹಳಿಯಾಯಿತು. ಇಂದು ನಮ್ಮ ಮುಖ್ಯ ಮಾರ್ಗಗಳಲ್ಲಿರುವ 60 ಕೆಜಿ ಹಳಿಯ ಎತ್ತರವೇ 172 ಮಿಲಿಮೀಟರ್. ಅದಕ್ಕೆ ಕೋಡ್ 75 ಸಮೀಪ. 156 ಮಿಲಿಮೀಟರ್ ಎತ್ತರದ 52 ಕೆಜಿ ಹಳಿಗೆ ಕೋಡ್ 70 ಬಹುತೇಕ ಕರಾರುವಾಕ್ಕು. ಮೀಟರ್ ಗೇಜಿನಲ್ಲಿ ಬಳಸುತ್ತಿದ್ದ ಗಜಕ್ಕೆ 60 ಪೌಂಡಿನ ಹಳಿ 114 ಮಿಲಿಮೀಟರ್ ಮಾತ್ರ. ಅದಕ್ಕೆ ಕೋಡ್ 55. ಆ ತೆಳು ಹಳಿಯನ್ನು ಒಮ್ಮೆ ಹಾಕಿ ನೋಡಿದವರು ಕೋಡ್ 100ಕ್ಕೆ ಮರಳುವುದು ಕಷ್ಟ. ಕಣ್ಣಿಗೆ ಅಷ್ಟು ವ್ಯತ್ಯಾಸ ಕಾಣುತ್ತದೆ.

ಸ್ಲೀಪರುಗಳಲ್ಲಿ ಕಾಲ ಕಾಣಿಸುತ್ತದೆ. ಇಂದಿನ ಬ್ರಾಡ್ ಗೇಜ್ ಕಾಂಕ್ರೀಟ್ ಸ್ಲೀಪರು 2750 ಮಿಲಿಮೀಟರ್ ಉದ್ದ. ಕಿಲೋಮೀಟರಿಗೆ 1660, ಅಂದರೆ ಸುಮಾರು 60 ಸೆಂಟಿಮೀಟರಿಗೊಂದು. ಮಾದರಿಯಲ್ಲಿ 7 ಮಿಲಿಮೀಟರಿಗೊಂದು. ಒಂದು ಮೀಟರ್ ಮಾದರಿ ಹಳಿಗೆ 144 ಸ್ಲೀಪರು, ಸ್ಲೀಪರಿಗೆ ನಾಲ್ಕರಂತೆ ಸುಮಾರು 580 ಕ್ಲಿಪ್ಪು. ಹಳೆಯ ಕಾಲ ಬೇಕಾದರೆ ಮರದ ಸ್ಲೀಪರು, ಇಲ್ಲವೇ ಬೀಡಿನ ಎರಡು ತಟ್ಟೆಗಳನ್ನು ಕಬ್ಬಿಣದ ಪಟ್ಟಿಯಿಂದ ಜೋಡಿಸಿದ ಸಿಎಸ್‌ಟಿ-9. ಈ ಎರಡನೆಯದನ್ನು ಯಾವ ವಿದೇಶಿ ಕಂಪನಿಯ ಹಳಿಯಲ್ಲೂ ನಾನು ಕಂಡಿಲ್ಲ. ಆದರೆ ಭಾರತದ ಹಳಿಗೆ ಭಾರತದ ಮುಖ ಕೊಡುವುದು ಅದೇ. ಹಳಿಯ ಕೆಳಗೆ ಎರಡು ಉಬ್ಬು, ನಡುವೆ ಜಲ್ಲಿಯಲ್ಲಿ ಅರ್ಧ ಹೂತ ಪಟ್ಟಿ. ಒಂದು ತಟ್ಟೆಯನ್ನು ಚೆನ್ನಾಗಿ ಕೊರೆದು ಸಿಲಿಕೋನ್ ಅಚ್ಚು ತೆಗೆದರೆ ರೆಸಿನ್ನಿನಲ್ಲಿ ಬೇಕಾದಷ್ಟು ಎರಕ ಹೊಯ್ಯಬಹುದು. ಕೊಲ್ಹಾಪುರದ ಪಕ್ಕದ ಶಿರೋಳಿ, ಗೋಕುಲ ಶಿರಗಾವಿಯ ಫೌಂಡ್ರಿಗಳಲ್ಲಿ ಪ್ಯಾಟರ್ನ್ ಮಾಡುವವರಿಗೆ ಇದು ಹೊಸ ವಿದ್ಯೆಯಲ್ಲ. ಬೀಡು ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆಂದು ಅವರು ಮೊದಲೇ ಅಷ್ಟು ಹಿಗ್ಗಿಸಿದ ಅಳತೆಪಟ್ಟಿ ಹಿಡಿದು ಕೆಲಸ ಮಾಡುತ್ತಾರೆ. ಯಾವುದು ಎಷ್ಟು ಕುಗ್ಗುತ್ತದೆಂಬ ಲೆಕ್ಕ ಅವರ ಕೈಯಲ್ಲೇ ಇದೆ.

ಇನ್ನು ಜಲ್ಲಿ. ಭಾರತೀಯ ರೈಲ್ವೆಯ ಖಡಿ ದೊಡ್ಡದೆಂದರೆ 65 ಮಿಲಿಮೀಟರ್, ಚಿಕ್ಕದೆಂದರೆ 20. ಎಂಬತ್ತೇಳರಿಂದ ಭಾಗಿಸಿದರೆ 0.75ರಿಂದ 0.23 ಮಿಲಿಮೀಟರ್. ಮಾದರಿಗೆಂದು ಮಾರುವ ಜಲ್ಲಿ ಎಷ್ಟೋ ಸಲ ಇದಕ್ಕಿಂತ ದಪ್ಪ. ಹಳಿಯ ನಡುವೆ ಗುಂಡುಕಲ್ಲು ಸುರಿದ ಹಾಗೆ ಕಾಣುತ್ತದೆ. ಮರಳನ್ನು ಪರೀಕ್ಷಿಸುವ ಜರಡಿಗಳು ಫೌಂಡ್ರಿಯ ಲ್ಯಾಬಿನಲ್ಲಿರುತ್ತವೆ. 710 ಮೈಕ್ರಾನಿನ ಜರಡಿಯಿಂದ ಇಳಿದು 250 ಮೈಕ್ರಾನಿನ ಜರಡಿಯಲ್ಲಿ ನಿಂತ ಪುಡಿಯೇ ನಮಗೆ ಬೇಕಾದ ಜಲ್ಲಿ.

ಪುಡಿ ಎಲ್ಲಿಂದ? ಕೊಲ್ಹಾಪುರ ದಖನ್ ಪ್ರಸ್ಥಭೂಮಿಯ ಬಸಾಲ್ಟಿನ ಮೇಲೆ ಕೂತ ಊರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ ಅದು. ಈ ಭಾಗದ ನಿಜವಾದ ಹಳಿಯ ಕೆಳಗೂ ಅದೇ ಕರಿಗಲ್ಲು. ಕ್ರಷರಿನ ಕಲ್ಲುಪುಡಿಯನ್ನು ತೊಳೆದು ಒಣಗಿಸಿ ಜರಡಿ ಹಿಡಿದರೆ ಬಣ್ಣದ ಅರ್ಧ ಕೆಲಸ ಮುಗಿದಂತೆ. ಆದರೆ ಒಂದು ಎಚ್ಚರಿಕೆ ಇದೆ. ಬಸಾಲ್ಟಿನಲ್ಲಿ ಟೈಟಾನಿಯಂ ಬೆರೆತ ಮ್ಯಾಗ್ನಟೈಟ್ ಎಂಬ ಕಾಂತೀಯ ಖನಿಜವಿರುತ್ತದೆ. ಆ ಕಣಗಳು ಮಾದರಿ ಎಂಜಿನ್ನಿನ ಮೋಟರಿನ ಅಯಸ್ಕಾಂತಕ್ಕೆ ಅಂಟಿ ಗೇರುಗಳನ್ನು ಸವೆಸುತ್ತವೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪುಡಿಯ ಮೇಲೆ ನಾಲ್ಕಾರು ಸಲ ಆಡಿಸಿ, ಅಂಟಿದ್ದನ್ನೆಲ್ಲ ತೆಗೆದುಹಾಕಬೇಕು. ಚೀಲವನ್ನು ಒಳಗು ಹೊರಗು ಮಾಡಿದರೆ ಕಣಗಳು ಅದರಲ್ಲೇ ಉಳಿಯುತ್ತವೆ.

ಜಲ್ಲಿಯನ್ನು ಅಂಟಿಸುವಾಗ ಹೆಚ್ಚಿನವರು ಸೋಲುತ್ತಾರೆ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಹನಿ ಹಾಕಿದರೆ ಅದು ಒಳಗೆ ಇಳಿಯದೆ ಗುಂಡಾಗಿ ಕೂತು, ಸುತ್ತಲಿನ ಕಣಗಳನ್ನು ಎಳೆದುಕೊಂಡು ಹಳ್ಳ ಮಾಡುತ್ತದೆ. ಕಾರಣ ನೀರಿನ ಮೇಲ್ಮೈ ಎಳೆತ. ಐವತ್ತು ಮಿಲಿಮೀಟರಿನ ನಿಜವಾದ ಜಲ್ಲಿಕಲ್ಲು ಸುಮಾರು 190 ಗ್ರಾಂ ತೂಗುತ್ತದೆ. ಅದರ ಸುತ್ತ ನೀರಿನ ಎಳೆತ ಆ ತೂಕದ ನೂರನೇ ಒಂದು ಪಾಲೂ ಇಲ್ಲ. ಮಳೆ ಬಂದರೆ ಕಲ್ಲು ಅಲುಗುವುದಿಲ್ಲ. ಅರ್ಧ ಮಿಲಿಮೀಟರಿನ ಕಣಕ್ಕೆ ಬಂದಾಗ ತೂಕ ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಎಳೆತ ವ್ಯಾಸಕ್ಕೆ ತಕ್ಕಂತೆ ಮಾತ್ರ. ಗಾತ್ರ ನೂರು ಪಟ್ಟು ಕುಗ್ಗಿದರೆ ಇವೆರಡರ ಅನುಪಾತ ಹತ್ತು ಸಾವಿರ ಪಟ್ಟು ಬದಲಾಗುತ್ತದೆ. ಈಗ ಎಳೆತವೇ ತೂಕದ ಸುಮಾರು 60 ಪಟ್ಟು. ಕಣ ಹಾರದೆ ಇನ್ನೇನು ಮಾಡೀತು? ಆದ್ದರಿಂದ ಅಂಟಿಗೆ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲನ್ನೋ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರನ್ನೋ ಮಂಜಿನಂತೆ ಸಿಂಪಡಿಸಬೇಕು. ಎಳೆತ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ಅಂಟು ಕಣಗಳ ಸಂದಿನಲ್ಲಿ ತಾನಾಗಿ ಹರಿದು ಸೇರುತ್ತದೆ. ಸ್ಲೀಪರಿನ ಮೇಲೆ ಬಿದ್ದ ಕಣಗಳನ್ನು ಒಣ ಬ್ರಷ್ಷಿನಿಂದ ಸರಿಸುವ ಕೆಲಸ ಇದಕ್ಕೂ ಮೊದಲೇ ಆಗಬೇಕು. ಅದಕ್ಕೆ ತಾಳ್ಮೆಯ ಹೊರತು ಬೇರೆ ಉಪಾಯವಿಲ್ಲ.

ಅಂಟು ಆರಿದ ಮೇಲೆ ಜಲ್ಲಿಯ ಬಣ್ಣ ಗಾಢವಾಗುತ್ತದೆ. ಒಣ ಪುಡಿಯಲ್ಲಿ ಕಲ್ಲಿಗೂ ಗಾಳಿಗೂ ನಡುವೆ ಬೆಳಕು ಮತ್ತೆ ಮತ್ತೆ ಚದುರಿ ಹೊರಬರುತ್ತದೆ, ಹಾಗಾಗಿ ತಿಳಿಯಾಗಿ ಕಾಣುತ್ತದೆ. ಗಾಳಿಯ ಜಾಗಕ್ಕೆ ಅಂಟು ಬಂದರೆ ಚದುರುವಿಕೆ ಕಡಿಮೆ, ಒಳಗೇ ಇಂಗುವ ಬೆಳಕು ಹೆಚ್ಚು. ಮಳೆಯಲ್ಲಿ ನೆನೆದ ರಸ್ತೆ ಕಪ್ಪಾಗುವುದೂ ಇದರಿಂದಲೇ. ಬೇಕಾದ ಬಣ್ಣಕ್ಕಿಂತ ಒಂದು ಮಟ್ಟ ತಿಳಿಯಾದ ಪುಡಿಯನ್ನೇ ಆರಿಸಿ.

ಬಣ್ಣದ ಬಗ್ಗೆ ಒಂದು ಮಾತು ಎಲ್ಲೆಡೆ ಕೇಳಿಬರುತ್ತದೆ: ದೂರದ ವಸ್ತು ಗಾಳಿಯಿಂದಾಗಿ ಮಸುಕಾಗಿ ಕಾಣುವುದರಿಂದ ಮಾದರಿಯ ಬಣ್ಣವನ್ನೂ ತಿಳಿಗೊಳಿಸಬೇಕು ಎಂದು. ಸಲಹೆ ಸರಿ, ಕಾರಣ ನನಗೆ ಒಪ್ಪಿಗೆಯಿಲ್ಲ. ಮಾದರಿಯನ್ನು 60 ಸೆಂಟಿಮೀಟರ್ ದೂರದಿಂದ ನೋಡುವುದು ನಿಜದ ಹಳಿಯನ್ನು 52 ಮೀಟರಿನಿಂದ ನೋಡಿದ ಹಾಗೆ. ಶುಭ್ರ ದಿನದಲ್ಲಿ 52 ಮೀಟರ್ ಗಾಳಿ ಬಣ್ಣವನ್ನು ಮಸುಕು ಮಾಡುವುದು ಅತ್ಯಲ್ಪ. ನಿಜವಾದ ಕಾರಣ ಬೆಳಕು. ನೆತ್ತಿಯ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಮನೆಯ ಕೋಣೆಯಲ್ಲಿ ಕೆಲವು ನೂರು. ಅಷ್ಟು ಕಡಿಮೆ ಬೆಳಕಿನಲ್ಲಿ ಗಾಢ ಕಂದು ಬರೀ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಕಪ್ಪನ್ನು ಎಲ್ಲೂ ಶುದ್ಧವಾಗಿ ಬಳಸಬಾರದು, ತಿಳಿಗೊಳಿಸಲು ಬಿಳಿಗಿಂತ ಮಣ್ಣಿನ ಬಣ್ಣ ಬೆರೆಸಬೇಕು, ಮತ್ತು ಮಾದರಿಯ ಮೇಲೆ ಯಾವ ದೀಪ ಉರಿಯಲಿದೆಯೋ ಅದೇ ದೀಪದ ಕೆಳಗೆ ಬಣ್ಣ ಕಲಸಬೇಕು.

ತುಕ್ಕಿಗೂ ಒಂದು ವಯಸ್ಸಿದೆ. ಹಳಿಯ ಉಕ್ಕಿನ ಮೇಲೆ ಮೊದಲು ಮೂಡುವ ತುಕ್ಕಿನಲ್ಲಿ ಕಿತ್ತಳೆ ಛಾಯೆಯ ಲೆಪಿಡೊಕ್ರೊಸೈಟ್ ಹೆಚ್ಚು. ಕಾಲ ಕಳೆದಂತೆ ಅದು ಗೋಥೈಟ್ ಮೊದಲಾದ ಕಂದು ಖನಿಜಗಳಾಗಿ ಮಾರ್ಪಡುತ್ತದೆ. ಹಾಗಾದರೆ ದಿನವೂ ರೈಲು ಓಡುವ ಹಳೆಯ ಹಳಿಯ ಪಕ್ಕಕ್ಕೆ ಉಜ್ವಲ ಕಿತ್ತಳೆ ಬಳಿಯುವುದು ತಪ್ಪು. ಅದು ಹೊಸದಾಗಿ ತಂದು ಪಕ್ಕದಲ್ಲಿ ಇಳಿಸಿಟ್ಟ ಹಳಿಯ ಬಣ್ಣ. ಬೀಡಿನ ಬ್ರೇಕ್ ಬ್ಲಾಕ್‌ಗಳಿದ್ದ ಕಾಲದಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಕಬ್ಬಿಣದ ಸಣ್ಣ ಪುಡಿ ಉದುರಿ, ಜಲ್ಲಿಯ ಮೇಲೆ ತುಕ್ಕಾಗುತ್ತಿತ್ತು. ನಿಲ್ದಾಣದ ಜಲ್ಲಿ ಕಂದು, ಬಯಲಿನ ಜಲ್ಲಿ ಬೂದು. ಕೊಲ್ಹಾಪುರದಲ್ಲಿ ಪ್ರತಿ ರೈಲೂ ನಿಲ್ಲಲೇಬೇಕು; ಪ್ಲಾಟ್‌ಫಾರ್ಮಿನುದ್ದಕ್ಕೂ ಕಂದು ಹೆಚ್ಚಿರಲಿ, ಎಂಜಿನ್ ಬಂದು ನಿಲ್ಲುವ ಕೊನೆಯಲ್ಲಿ ಎಣ್ಣೆಯ ಕಪ್ಪು ಕಲೆ ಇರಲಿ. ಉಗಿ ಎಂಜಿನ್ನಿನ ಕಾಲವಾದರೆ ಬೂದಿ ಮತ್ತು ಕಲ್ಲಿದ್ದಲ ಚೂರು ಕೂಡ.

ಬಳಿಯುವ ಕ್ರಮ ಸರಳ. ಹಳಿಯನ್ನು ಆಲ್ಕೊಹಾಲಿನಿಂದ ಒರೆಸಿ, ಪ್ರೈಮರ್ ಹಾಕಿ, ಹಳಿ ಸ್ಲೀಪರು ಎರಡಕ್ಕೂ ಒಟ್ಟಿಗೆ ಕಂದು ಬೂದು ಬಣ್ಣವನ್ನು ಎರಡೂ ಪಕ್ಕದಿಂದ ಓರೆಯಾಗಿ ಸಿಂಪಡಿಸಬೇಕು. ಆರುವ ಮೊದಲೇ ಹಳಿಯ ನೆತ್ತಿಯನ್ನು ಒರೆಸಿ ತೆಗೆಯಬೇಕು. ಎಂಜಿನ್ನಿಗೆ 12 ವೋಲ್ಟ್ ವಿದ್ಯುತ್ ಹೋಗುವುದು ಅಲ್ಲಿಂದಲೇ. ಆಮೇಲೆ ಸ್ಲೀಪರುಗಳಿಗೆ ಒಂದೊಂದಾಗಿ ಬ್ರಷ್. ಕಾಂಕ್ರೀಟಿಗೆ ತಿಳಿ ಬೂದು, ಕ್ಲಿಪ್ಪಿನ ಬುಡದಲ್ಲಿ ನೀರಾಗಿಸಿದ ತುಕ್ಕಿನ ಬಣ್ಣ. ಹತ್ತರಲ್ಲಿ ಒಂದೆರಡು ಸ್ಲೀಪರು ಬೇರೆ ಛಾಯೆಯವಿರಲಿ; ಗ್ಯಾಂಗ್‌ಮನ್‌ಗಳು ಕೆಟ್ಟದ್ದನ್ನು ಬದಲಿಸುತ್ತಲೇ ಇರುತ್ತಾರೆ.

ಕೆಲವು ಕಡೆ ಅಳತೆಯೊಂದಿಗೆ ರಾಜಿ ಮಾಡಿಕೊಳ್ಳಲೇಬೇಕು. ನಮ್ಮ ಬ್ರಾಡ್ ಗೇಜಿನ ಅತಿ ಬಿಗಿಯಾದ 10 ಡಿಗ್ರಿ ತಿರುವಿನ ತ್ರಿಜ್ಯ 175 ಮೀಟರ್. ಮಾದರಿಯಲ್ಲಿ 2 ಮೀಟರ್. ರೈಲು ಅರ್ಧ ಸುತ್ತು ಹೊಡೆಯಲು 4 ಮೀಟರ್ ಅಗಲದ ಕೋಣೆ ಬೇಕಾಯಿತು. ಮಿರಜಿನಿಂದ ಕೊಲ್ಹಾಪುರದವರೆಗಿನ ದಾರಿಯೇ 540 ಮೀಟರ್ ಆಗುತ್ತದೆ. ಕೊನೆಯ ನಿಲ್ದಾಣದ ಅನುಕೂಲ ಇಲ್ಲಿದೆ: ಸುತ್ತು ಬೇಡ. ಗೋಡೆಯುದ್ದಕ್ಕೆ ಒಂದು ಹಲಗೆ, ಒಂದು ತುದಿಯಲ್ಲಿ ಕೊಲ್ಹಾಪುರ, ಇನ್ನೊಂದು ತುದಿಯಲ್ಲಿ ಪರದೆಯ ಹಿಂದೆ ಮಿರಜ್ ಎಂದುಕೊಳ್ಳುವ ನಾಲ್ಕು ಹಳಿ. ಎಚ್‌ಒ ಸ್ಕೇಲಿನ ದೊಡ್ಡ ರಚನೆ ನೋಡಬೇಕೆನ್ನುವವರಿಗೆ ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿ ಅವರ ಮಿನಿಯೇಚರ್ ರೈಲ್ವೆ ಸಂಗ್ರಹಾಲಯವಿದೆ. ತಿರುವುಗಳನ್ನು ಎಲ್ಲಿ ತೋರಿಸಬೇಕು, ಎಲ್ಲಿ ಮರೆಸಬೇಕು ಎಂಬುದನ್ನು ಅಂಥ ಕಡೆ ನಿಂತು ನೋಡಿಯೇ ಕಲಿಯಬೇಕು.

ಈ ಸೀಮೆಯ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾದರಿ ಹಳಿ ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ. ಮೂರು ಮೀಟರ್ ಉದ್ದ 20 ಡಿಗ್ರಿ ಕಾವಿಗೆ ಸುಮಾರು 1 ಮಿಲಿಮೀಟರ್ ಹಿಗ್ಗುತ್ತದೆ. ಅಡಿಯ ಮರ ತೇವಕ್ಕೆ ಬೇರೆಯದೇ ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತದೆ. ಒಳ್ಳೆಯ ಪ್ಲೈವುಡ್ಡಿನ ಎಲ್ಲ ಅಂಚುಗಳಿಗೂ ವಾರ್ನಿಶ್ ಬಳಿದು, ಜೋಡಣೆಗಳಲ್ಲಿ ಕೂದಲೆಳೆಯ ಸಂದು ಬಿಟ್ಟರೆ ಹಳಿ ಸೊಟ್ಟಗಾಗುವುದು ತಪ್ಪುತ್ತದೆ. ನಿಜದ ಮೀಟರ್ ಗೇಜ್ ಹಳಿಯ ತುಂಡುಗಳು 12 ಮೀಟರಿನವು. ಮಾದರಿಯಲ್ಲಿ 138 ಮಿಲಿಮೀಟರಿಗೊಂದು, ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟ್ ಇಟ್ಟು, ಹಳಿಯ ನೆತ್ತಿಯ ಮೇಲೆ ಗರಗಸದಿಂದ ಸಣ್ಣ ಗೀರು ಹಾಕಿದರೆ ಗಾಲಿ ಉರುಳುವಾಗ ಹಳೆಯ ಟಕ್-ಟಕ್ ಸದ್ದೂ ಬರುತ್ತದೆ.

ಕೊನೆಗೆ, ಇದೇ ಸೀಮೆಯಲ್ಲಿ ಹಳಿಯೇ ಇಲ್ಲದ ಎರಡು ಊರುಗಳ ಮಾತು. ಇಚಲಕರಂಜಿಯಲ್ಲಿ ಮೊದಲ ಪವರ್‌ಲೂಮ್ ನಡೆದದ್ದು 1904ರಲ್ಲಿ. ಅಷ್ಟು ದೊಡ್ಡ ನೇಕಾರರ ಊರಾದರೂ ಅಲ್ಲಿಗೆ ಹಳಿ ಬಂದಿಲ್ಲ. ರೈಲು ಹಿಡಿಯಲು ಹಾತಕಣಂಗಲೆಗೆ ಹೋಗಬೇಕು. ಗಡಹಿಂಗ್ಲಜಿಗೂ ಹಳಿಯಿಲ್ಲ. ಮಾದರಿಯಲ್ಲಿ ಇವೆರಡಕ್ಕೂ ಹಳಿ ಹಾಕಲು ಯಾರ ಮಂಜೂರಾತಿಯೂ ಬೇಡ. ಆದರೆ ಎರಡೂ ಕಡೆಯ ಮಣ್ಣು ಬೇರೆ. ಇಚಲಕರಂಜಿಯ ಕವಲು ಪಂಚಗಂಗೆಯ ಎರೆಭೂಮಿಯ ಮೇಲೆ, ಕಬ್ಬಿನ ಗದ್ದೆಗಳ ನಡುವೆ ಹೋಗುತ್ತದೆ. ಹಳಿಯ ಪಕ್ಕದ ಧೂಳು ಬೂದುಗಪ್ಪು, ಬೇಲಿಯ ಬುಡದಲ್ಲಿ ದಟ್ಟ ಹಸಿರು. ಹಿರಣ್ಯಕೇಶಿಯ ದಡದ ಗಡಹಿಂಗ್ಲಜ್ ದಾಟಿ ಆಜರಾ ಕಡೆಗೆ ಸಾಗಿದಂತೆ ಜಂಬಿಟ್ಟಿಗೆಯ ಕೆಂಪು ಹೆಚ್ಚುತ್ತದೆ, ಕರಿಜಲ್ಲಿಯ ಸಂದುಗಳಲ್ಲೂ ಅದೇ ಕೆಂಪು ತುಂಬಬೇಕು. ಎರಡೂ ಊರಿನ ಹೊಲದಿಂದ ಒಂದೊಂದು ಹಿಡಿ ಮಣ್ಣು ತಂದು, ಒಲೆಯ ಮೇಲೆ ಚೆನ್ನಾಗಿ ಒಣಗಿಸಿ, 250 ಮೈಕ್ರಾನಿನ ಅದೇ ಜರಡಿಯಿಂದ ಇಳಿಸಿ, ಅದಕ್ಕೂ ಅಯಸ್ಕಾಂತ ಆಡಿಸಿ, ಮೆತ್ತನೆಯ ಬ್ರಷ್ಷಿನಿಂದ ಸ್ಲೀಪರಿನ ತುದಿಗಳಿಂದ ಹೊರಗಡೆಗೆ ಉದುರಿಸಬೇಕು. ನಡುವಿಗೆ ಕಡಿಮೆ, ಅಂಚಿಗೆ ಹೆಚ್ಚು.