ಮಂಡಿಯೂರಿದ ತೋಟಗಾರ, ಅವನು ಬೆಳೆಯದ ಅನಾನಸು

ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿ 1675–80ರ ಸುಮಾರಿನ ಒಂದು ತೈಲವರ್ಣ ಚಿತ್ರವಿದೆ. ದೊಡ್ಡ ಮನೆ, ಅದರ ಮುಂದೆ ಅಚ್ಚುಕಟ್ಟಾದ ಉದ್ಯಾನ. ಕಂದು ಕೋಟು ತೊಟ್ಟು ನಿಂತಿರುವ ದೊರೆ ಎರಡನೆಯ ಚಾರ್ಲ್ಸ್, ಪಕ್ಕದಲ್ಲಿ ಎರಡು ಸ್ಪ್ಯಾನಿಯಲ್ ನಾಯಿಗಳು. ಎದುರಿಗೆ ಮಂಡಿಯೂರಿದ ತೋಟಗಾರನೊಬ್ಬ ಅನಾನಸು ಹಣ್ಣನ್ನು ಒಪ್ಪಿಸುತ್ತಿದ್ದಾನೆ. ಅವನು ಅರಮನೆಯ ತೋಟಗಾರ ಜಾನ್ ರೋಸ್ ಎಂದು ಹೇಳುತ್ತಾರೆ.

ತಪ್ಪು ಕಲ್ಪನೆ: ಇದು ಇಂಗ್ಲೆಂಡಿನ ನೆಲದಲ್ಲಿ ಬೆಳೆದ ಮೊದಲ ಅನಾನಸು.

ಸತ್ಯ: ಈ ಮಾತನ್ನು ಹಬ್ಬಿಸಿದವನು ಹದಿನೆಂಟನೆಯ ಶತಮಾನದ ಲೇಖಕ ಹೊರೇಸ್ ವಾಲ್ಪೋಲ್. ಇದೇ ಚಿತ್ರದ ಇನ್ನೊಂದು ಪ್ರತಿ ಅವನ ಬಳಿ ಇತ್ತು. ಆದರೆ ಚಾರ್ಲ್ಸ್‌ನ ಆಸ್ಥಾನಕ್ಕೆ ಅನಾನಸು ಬರುತ್ತಿದ್ದದ್ದು ಹಡಗಿನಲ್ಲಿ, ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನಿಂದ. ಅಲ್ಲಿಂದ ಬಂದು ದೊರೆಗೆ ಕಾಣಿಕೆಯಾದ ಹಣ್ಣನ್ನು 1661ರಲ್ಲೇ ನೋಡಿದ್ದಾಗಿ ಆ ಕಾಲದ ಲೇಖಕ ಜಾನ್ ಎವೆಲಿನ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. 1668ರಲ್ಲಿ ಫ್ರಾನ್ಸಿನ ರಾಯಭಾರಿಗೆ ನೀಡಿದ ಔತಣದಲ್ಲಿ ದೊರೆ ಹಣ್ಣು ಕೊಯ್ದು, ತನ್ನ ತಟ್ಟೆಯಿಂದಲೇ ಎವೆಲಿನ್‌ಗೆ ಒಂದು ಹೋಳು ಕೊಟ್ಟ. ಕೇಳಿದ್ದಷ್ಟು ರುಚಿ ಅದಕ್ಕಿರಲಿಲ್ಲ. ದೂರದ ಪ್ರಯಾಣದಲ್ಲಿ ಕೆಟ್ಟಿರಬೇಕು ಎಂದುಕೊಂಡ ಎವೆಲಿನ್.

ಅವನು ಹಾಗೆ ಅಂದುಕೊಂಡದ್ದರಲ್ಲಿ ಅರ್ಥವಿದೆ. ಮಾವಿನಂತೆ ಅನಾನಸನ್ನು ಕಾಯಿ ಕಿತ್ತು ಹಣ್ಣು ಮಾಡಲಾಗದು. ಕಿತ್ತ ಮೇಲೆ ಅದರ ಸಿಹಿ ಹೆಚ್ಚುವುದಿಲ್ಲ. ಮಾಗಿದ್ದನ್ನು ಕಿತ್ತರೆ ವಾರಗಟ್ಟಲೆ ಸಮುದ್ರಯಾನದಲ್ಲಿ ಕೊಳೆಯುತ್ತದೆ, ಎಳೆಯದನ್ನು ಕಿತ್ತರೆ ಹುಳಿಯಾಗಿಯೇ ಉಳಿಯುತ್ತದೆ. ಕಾಯಿ ಹೊತ್ತ ಗಿಡವನ್ನೇ ತರಿಸಿ ಇಂಗ್ಲೆಂಡಿನಲ್ಲಿ ಮಾಗಿಸಿರಬಹುದು ಎಂಬ ಊಹೆ ಹುಟ್ಟಿದ್ದು ಇದರಿಂದಲೇ. ಹಾಗಿದ್ದರೂ ಅದು ಬೇರೆಯವರು ನೆಟ್ಟ ಗಿಡ. ಆ ಕಾಲದ ಬಾರ್ಬಡೋಸ್‌ನ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಚಿತ್ರದಲ್ಲಿ ಅವರ ಸುಳಿವೇ ಇಲ್ಲ. ಈ ಕಲ್ಪನೆಯನ್ನು ತಿದ್ದಲೇಬೇಕು ಎಂದು ನನಗನ್ನಿಸುವುದು ಮುಖ್ಯವಾಗಿ ಇದಕ್ಕೆ.

ರೋಸ್‌ನ ಕಸುಬುದಾರಿಕೆಯಲ್ಲಿ ಕೊರತೆಯೇನೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ದ್ರಾಕ್ಷಿ ಬೆಳೆಯುವ ಬಗ್ಗೆ 1666ರಲ್ಲಿ ಅವನ ಹೆಸರಿನಲ್ಲಿ ಪುಸ್ತಕವೇ ಬಂದಿದೆ.

ತಪ್ಪು ಕಲ್ಪನೆ: ಈ ಚಿತ್ರ ಬರೆದವನು ಹೆಂಡ್ರಿಕ್ ಡಾಂಕರ್ಟ್ಸ್, ಅದರಲ್ಲಿ ಕಾಣುವ ಮನೆ ಡಾರ್ನಿ ಕೋರ್ಟ್.

ಸತ್ಯ: ಡಚ್ ಕಲಾವಿದ ಡಾಂಕರ್ಟ್ಸ್‌ನ ಹೆಸರು ಬಹುಕಾಲ ಅಂಟಿಕೊಂಡಿತ್ತು. ರಾಜಸಂಗ್ರಹ ಈಗ ಯಾರ ಹೆಸರನ್ನೂ ಹೇಳದೆ ‘ಬ್ರಿಟಿಷ್ ಶೈಲಿ’ ಎಂದಷ್ಟೇ ನಮೂದಿಸುತ್ತದೆ. ಮನೆ ಯಾವುದೆಂದು ಗುರುತಿಸಲು ಆಗಿಲ್ಲ.

ತಪ್ಪು ಕಲ್ಪನೆ: ಆಗ ಅನಾನಸು ಎಲ್ಲ ಕಡೆಯೂ ದುರ್ಲಭ.

ಸತ್ಯ: ದಕ್ಷಿಣ ಅಮೆರಿಕದ ಈ ಹಣ್ಣನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲೇ ಭಾರತಕ್ಕೆ ತಂದಿದ್ದರು. 1627ರವರೆಗೆ ಆಳಿದ ಮೊಘಲ್ ದೊರೆ ಜಹಾಂಗೀರ್, ಆಗ್ರಾದ ತನ್ನ ತೋಟದಲ್ಲಿ ಸಾವಿರಾರು ಅನಾನಸು ಬಿಡುತ್ತವೆ ಎಂದು ಆತ್ಮಕಥೆಯಲ್ಲಿ ಬರೆದಿದ್ದಾನೆ. ಇಂದು ಬನವಾಸಿಯ ಹೊಲಗಳಲ್ಲಿ ಸಾಲುಸಾಲಾಗಿ ಕಾಣುವ ಬೆಳೆಯೂ ಹಾಗೆ ಕಡಲು ದಾಟಿ ಬಂದದ್ದೇ. ದುರ್ಲಭವಾಗಿದ್ದದ್ದು ಚಳಿ ದೇಶಗಳಲ್ಲಿ ಮಾತ್ರ.

ಆ ಚಳಿಯನ್ನು ಗೆದ್ದು ಇಂಗ್ಲೆಂಡಿನಲ್ಲಿ ಅನಾನಸು ಬೆಳೆದು ಹೆಸರಾದವನು ಹೆನ್ರಿ ಟೆಲೆಂಡ್, ರೋಸ್ 1677ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ರಿಚ್ಮಂಡ್‌ನಲ್ಲಿ ಶ್ರೀಮಂತ ವರ್ತಕ ಮ್ಯಾಥ್ಯೂ ಡೆಕ್ಕರ್‌ನ ತೋಟ ನೋಡಿಕೊಳ್ಳುತ್ತಿದ್ದವನು ಅವನು. ಚರ್ಮ ಹದಮಾಡಲು ಬಳಸುವ ಓಕ್ ಮರದ ತೊಗಟೆಯನ್ನು ಗುಂಡಿಗೆ ತುಂಬಿದರೆ ಅದು ಕೊಳೆಯುತ್ತಾ ತಿಂಗಳುಗಟ್ಟಲೆ ಹದವಾದ ಕಾವು ಕೊಡುತ್ತದೆ. ಅದರಲ್ಲಿ ಕುಂಡಗಳನ್ನು ಹೂತು, ಮೇಲೆ ಗಾಜು ಮುಚ್ಚಿ, ಉಷ್ಣಮಾಪಕ ನೋಡುತ್ತಾ ಗಿಡಗಳನ್ನು ಚಳಿಗಾಲ ದಾಟಿಸಿದ. 1720ರಲ್ಲಿ ಡೆಕ್ಕರ್‌ನ ಅನಾನಸಿನ ಚಿತ್ರವನ್ನೇ ಥಿಯೋಡೋರಸ್ ನೆಟ್ಷರ್ ಬರೆದ. ಅದು ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಅದರ ಲ್ಯಾಟಿನ್ ಬರಹ ಹಣ ಹಾಕಿದ ಡೆಕ್ಕರ್‌ನನ್ನೂ ಕುಂಚ ಹಿಡಿದ ನೆಟ್ಷರ್‌ನನ್ನೂ ಹೊಗಳುತ್ತದೆ. ಟೆಲೆಂಡ್‌ನ ಹೆಸರು ಅಲ್ಲಿಲ್ಲ.