ಎಸ್.ಪಿ. ರಸ್ತೆಯಲ್ಲಿ ಪಿ-38 ಹುಡುಕುತ್ತಾ

ಬೆಂಗಳೂರಿನ ಟೌನ್ ಹಾಲ್ ಕಡೆಯಿಂದ ಎಸ್.ಪಿ. ರಸ್ತೆಗೆ ಹೊಕ್ಕರೆ ಮೊದಲು ಕಣ್ಣಿಗೆ ಬೀಳುವುದು ಲ್ಯಾಪ್‌ಟಾಪ್ ರಿಪೇರಿ, ಸಿಸಿಟಿವಿ, ಪ್ರಿಂಟರ್ ಇಂಕಿನ ಬೋರ್ಡುಗಳು. ಬಿಡಿಭಾಗ ಮಾರುವವರು ಆ ಬೋರ್ಡುಗಳ ಹಿಂದೆ, ಗಲ್ಲಿಯೊಳಗೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಮೆಟ್ಟಿಲುಗಳ ಮೇಲೆ ಇರುತ್ತಾರೆ. ಕೌಂಟರಿನ ಹಿಂದೆ ಸೂರಿನವರೆಗೂ ಪ್ಲಾಸ್ಟಿಕ್ ಡ್ರಾಯರ್‌ಗಳು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ನೆಲದ ಮೇಲೆ ಕೂತು, ಕಾಲಲ್ಲಿ ಒತ್ತಿದರೆ ದನಿಯನ್ನು ಒಡೆಯುವ, ಮರುದನಿಸುವ ಪೆಡಲ್ ಡಬ್ಬಿಗಳನ್ನು ಮನೆಯಲ್ಲೇ ಕಟ್ಟುವ ಹುಡುಗರು ಬರುವುದು ಇಂಥ ಅಂಗಡಿಗಳಿಗೆ.

ಅವರ ಮಾತು ಕೇಳಬೇಕು. 1979ರ ಟ್ಯೂಬ್ ಸ್ಕ್ರೀಮರ್ ಪೆಡಲಿನಲ್ಲಿದ್ದ 4558 ಚಿಪ್ಪೇ ಬೇಕು, ಜರ್ಮೇನಿಯಂ ಟ್ರಾನ್ಸಿಸ್ಟರೇ ಬೇಕು ಎಂದು ಗಂಟೆಗಟ್ಟಲೆ ಚರ್ಚೆ. ಕೇಬಲ್ ಚುಚ್ಚುವ ಸಾಕೆಟ್, ಅಂದರೆ ಜಾಕಿನ ಸರದಿ ಬಂದಾಗ ಮಾತ್ರ "ಯಾವುದಾದ್ರೂ ಎರಡು ಕೊಡಿ" ಅನ್ನುತ್ತಾರೆ. ನನಗೆ ಇದು ತಲೆಕೆಳಗಾದ ಲೆಕ್ಕವಾಗಿ ಕಾಣುತ್ತದೆ. ಚಿಪ್ಪು ಒಮ್ಮೆ ಬೆಸುಗೆಯಾದರೆ ಅಲ್ಲೇ ತೆಪ್ಪಗೆ ಕೂತಿರುತ್ತದೆ. ಪೆಡಲಿನಲ್ಲಿ ದಿನವೂ ಎಳೆತ, ತಿರುಚು, ಅಕಸ್ಮಾತ್ ಕೇಬಲ್ ಎಡವಿದವರ ಒದೆತ ತಿನ್ನುವುದು ಫುಟ್‌ಸ್ವಿಚ್ ಬಿಟ್ಟರೆ ಜಾಕ್ ಒಂದೇ.

"ಸರ್, ಕಾಲಿಂಚಿನ ಗಿಟಾರ್ ಸಾಕೆಟ್ ಇದೆಯಾ?"

"ಪಿ-38 ಫೀಮೇಲಾ? ಮೋನೋನಾ, ಸ್ಟೀರಿಯೋನಾ? ಓಪನ್ನಾ, ಬಾಕ್ಸಾ?"

ಮೈಕ್ ಸೆಟ್ಟಿನವರ ಬಾಯಲ್ಲಿ 6.35 ಮಿ.ಮೀ. ಪ್ಲಗ್ಗು ಪಿ-38. ಮೂಲದಲ್ಲಿ ಅದು ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನದು. ಆಪರೇಟರುಗಳು ಕೈಯಾರೆ ಚುಚ್ಚಿ ಕರೆ ಜೋಡಿಸುತ್ತಿದ್ದದ್ದು ಇದರಲ್ಲೇ. ಆದರೆ ಎಕ್ಸ್‌ಚೇಂಜಿನ ಹಳೆಯ ಸಾಮಾನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಆ ಪ್ಲಗ್ಗಿನ ತುದಿಯ ಆಕಾರವೇ ಬೇರೆ, ಗಿಟಾರ್ ಕೇಬಲ್ಲಿಗೆ ಅದರ ಜಾಕ್ ಸರಿಯಾಗಿ ಹಿಡಿತ ಕೊಡದು.

ಅಂಗಡಿಯವರು ಎರಡು ಡ್ರಾಯರ್ ಎಳೆದು ಮುಂದಿಟ್ಟರು. ಒಂದರಲ್ಲಿ ಓಪನ್: ಲೋಹದ ಚೌಕಟ್ಟು, ಒಳಗೆ ಬಾಗಿದ ಸ್ಪ್ರಿಂಗ್ ಎಲೆಗಳು, ಎಲ್ಲವೂ ಕಣ್ಣಿಗೆ ಕಾಣುತ್ತದೆ. ಈ ಬಗೆಯ ಮಾದರಿ ಎಂದರೆ 1946ರಲ್ಲಿ ಶಿಕಾಗೋದಲ್ಲಿ ಶುರುವಾದ ಸ್ವಿಚ್‌ಕ್ರಾಫ್ಟ್‌ನದು. ಮೋನೋಗೆ 11, ಸ್ಟೀರಿಯೋಗೆ 12ಬಿ. ಇನ್ನೊಂದರಲ್ಲಿ ಬಾಕ್ಸ್: ಕಪ್ಪು ಪ್ಲಾಸ್ಟಿಕ್ ಗೂಡಿನೊಳಗೆ ಅಡಗಿದ ಎಲೆಗಳು. ಇಂಗ್ಲೆಂಡಿನ ಕ್ಲಿಫ್, ಲೀಖ್ಟನ್‌ಸ್ಟೈನಿನ ನ್ಯೂಟ್ರಿಕ್ ಈ ಜಾತಿಯವನ್ನು ಮಾಡುತ್ತವೆ. ಬೆಲೆ ಲೋಕಲ್ ಮಾಲಿಗೆ ಹತ್ತಾರು ರೂಪಾಯಿ, ಆಮದಿನದಕ್ಕೆ ನೂರರ ಲೆಕ್ಕ.

ನಾನು ಓಪನ್ ಪಕ್ಷದವನು. ಕಾರಣ ಸರಳ: ಎಲೆ ಸಡಿಲವಾದರೆ ಬೆರಳಲ್ಲಿ ಒತ್ತಿ ಮತ್ತೆ ಬಗ್ಗಿಸಬಹುದು, ಕಪ್ಪುಗಟ್ಟಿದರೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬಹುದು. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ನುಡಿಸುವವರಿಗೆ ಇದು ಸಣ್ಣ ಅನುಕೂಲವಲ್ಲ. ಬಾಕ್ಸ್ ಜಾಕಿಗೆ ಧೂಳು ಕಡಿಮೆ ನಿಜ, ಆದರೆ ಒಳಗಿನ ಎಲೆ ಸೋತರೆ ಕಿತ್ತು ಎಸೆಯುವುದೇ ದಾರಿ. ಓಪನ್ನಿಗೂ ಒಂದು ಕಂಟಕವಿದೆ. ಪ್ಲಗ್ ಒಳಹೋದಾಗ ಎಲೆ ಹೊರಕ್ಕೆ ಬಾಗುತ್ತದೆ. ಅಲ್ಲಿ ಅಲ್ಯೂಮಿನಿಯಂ ಗೋಡೆ ಇದ್ದರೆ ತಾಗಿ, ಸಿಗ್ನಲ್ ನೇರ ಗ್ರೌಂಡಿಗೆ ಹರಿದು ಪೆಡಲ್ ಮೂಕವಾಗುತ್ತದೆ. ಡಬ್ಬಿ ತೆರೆದು ನೋಡಿದರೆ ಎಲ್ಲ ಸರಿಯಿದೆ, ಏಕೆಂದರೆ ನೋಡುವಾಗ ಯಾರೂ ಪ್ಲಗ್ ಹಾಕಿರುವುದಿಲ್ಲ!

ಜಾಗದ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಬರಬೇಕು. ಪೆಡಲ್ ಕಟ್ಟುವವರ ಅಚ್ಚುಮೆಚ್ಚಿನ ಡಬ್ಬಿ ಕೆನಡಾದ ಹ್ಯಾಮಂಡ್ 1590ಬಿ, ಅಳತೆ ಸುಮಾರು 112 × 60 × 31 ಮಿ.ಮೀ. ಪ್ಲಗ್ಗಿನ ಕಡ್ಡಿಯ ಉದ್ದ ಸುಮಾರು 31 ಮಿ.ಮೀ. ಅರವತ್ತರ ಅಗಲದಲ್ಲಿ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಎದುರುಬದುರು ಕೊರೆದರೆ ತುದಿಗಳು ನಡುವೆ ಮುತ್ತಿಡುವಷ್ಟು ಹತ್ತಿರ ಬರುತ್ತವೆ. ಅದಕ್ಕೇ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಸರಿಸುವುದು.

ಇನ್‌ಪುಟ್ಟಿಗೆ ಸ್ಟೀರಿಯೋ ಸಾಕೆಟ್ಟೇ ಬೇಕು. ಗಿಟಾರಿನ ದನಿ ಮೋನೋ ಆಗಿದ್ದರೂ ಏಕೆ ಎಂದರೆ, ಬ್ಯಾಟರಿಗಾಗಿ. 9 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಸ್ಟೀರಿಯೋ ಜಾಕಿನಲ್ಲಿ ಹೆಚ್ಚಿಗೆ ಇರುವ ರಿಂಗ್ ಕಾಲಿಗೆ ಬೆಸೆಯುತ್ತಾರೆ. ಮೋನೋ ಪ್ಲಗ್ ಒಳಬಂದಾಗ ಅದರ ಉದ್ದನೆಯ ಸ್ಲೀವ್ ಭಾಗ ರಿಂಗನ್ನೂ ಗ್ರೌಂಡನ್ನೂ ಕೂಡಿಸಿ ಬ್ಯಾಟರಿಯನ್ನು ಚಾಲೂ ಮಾಡುತ್ತದೆ, ಕಿತ್ತರೆ ಬಂದ್. ಬೇರೆ ಸ್ವಿಚ್ಚೇ ಬೇಡ. ಅಡಾಪ್ಟರಿನಲ್ಲಿ ಚೆನ್ನಾಗಿ ನುಡಿದು ಹೊಸ ಬ್ಯಾಟರಿಯಲ್ಲಿ ಸತ್ತಂತಿರುವ ಪೆಡಲ್ ಕೈಗೆ ಬಂದರೆ ನಾನು ಮೊದಲು ನೋಡುವುದು ಈ ರಿಂಗ್ ಎಲೆಯನ್ನೇ.

ಇಲ್ಲೇ ಕೌಂಟರಿನಲ್ಲಿ ಎಡವಟ್ಟಾಗುವುದು. ಮೂರು ಕಾಲಿದ್ದ ಮಾತ್ರಕ್ಕೆ ಸಾಕೆಟ್ ಸ್ಟೀರಿಯೋ ಆಗುವುದಿಲ್ಲ. ಪ್ಲಗ್ ಇಲ್ಲದಾಗ ಮುಚ್ಚಿಕೊಳ್ಳುವ ಸ್ವಿಚ್ ಇರುವ ಮೋನೋಗೂ ಮೂರೇ ಕಾಲು. ಗೂಡಿನೊಳಗೆ ಅಡಗಿದ್ದರೆ ಕಣ್ಣಿಗೆ ತಿಳಿಯದು, ಮಲ್ಟಿಮೀಟರ್ ಹಿಡಿದೇ ಕೇಳಬೇಕು.

ಪರೀಕ್ಷೆಗೆ ಅಂಗಡಿಯವರು ಬೇಡ ಅನ್ನಲಿಲ್ಲ. ಚೀಲದಲ್ಲಿ ದಿನಾ ಬಳಸುವ ಗಿಟಾರ್ ಕೇಬಲ್ ಇತ್ತು. ಚುಚ್ಚಿದಾಗ ಕೊನೆಯಲ್ಲಿ ಟಕ್ ಎಂದು ಕೂರಬೇಕು, ಕೀಳಲು ಸ್ವಲ್ಪ ಜೋರು ಬೇಕು. ಮೀಟರನ್ನು ಬೀಪ್‌ಗೆ ತಿರುಗಿಸಿ, ಒಂದು ಕಡ್ಡಿ ಕೇಬಲ್ಲಿನ ಆ ತುದಿಗೆ, ಇನ್ನೊಂದು ಜಾಕಿನ ಕಾಲಿಗೆ ಹಿಡಿದು, ಪ್ಲಗ್ಗನ್ನು ನಾಲ್ಕೂ ದಿಕ್ಕಿಗೆ ಅಲ್ಲಾಡಿಸಿದೆ. ಬೀಪ್ ಒಮ್ಮೆ ಕಡಿದರೂ ಅದು ಡ್ರಾಯರಿಗೆ ವಾಪಸ್. ವೇದಿಕೆಯಲ್ಲಿ ಅದೇ ಪಟಪಟ ಸದ್ದು ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳುತ್ತದೆ. ಓಪನ್ ಆಗಿದ್ದರೆ ಕಾಲುಗಳನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ. ಫೈಬರ್ ಬಿಲ್ಲೆಗಳ ನಡುವೆ ಅವು ಜಾರಿದರೆ ರಿವೆಟ್ ಸಡಿಲ. ಎಲೆಗೆ ಸಣ್ಣ ಅಯಸ್ಕಾಂತ ಹಿಡಿಯುವುದೂ ಒಳ್ಳೆಯದು. ಬಲವಾಗಿ ಅಂಟಿಕೊಂಡರೆ ಒಳಗೆ ಕಬ್ಬಿಣ, ಲೇಪ ಸವೆದ ದಿನ ತುಕ್ಕು. ನ್ಯೂಟ್ರಿಕ್ ಹೆಸರಿನ ನಕಲಿಗಳೂ ಓಡಾಡುತ್ತವೆ, ಆದ್ದರಿಂದ ಮೇಲಿನ ಅಕ್ಷರ ಓದಿ ಪರೀಕ್ಷೆ ಬಿಡುವುದು ಬೇಡ.

"ಇಷ್ಟೊಂದು ನೋಡ್ತೀರಲ್ಲ, ಇದೇನು ರಾಕೆಟ್ಟಿಗಾ ಸರ್?" ಎಂದು ನಕ್ಕರು. ನಗಲಿ.

ಪೂರ್ತಿ ಪ್ಲಾಸ್ಟಿಕ್ ಮೂತಿಯ ಜಾಕ್ ಕೊಂಡವರಿಗೆ ಇನ್ನೊಂದು ಮಾತು. ಲೋಹದ ಮೂತಿ ನಟ್ಟು ಬಿಗಿದ ಕೂಡಲೇ ಡಬ್ಬಿಯನ್ನು ಗ್ರೌಂಡಿಗೆ ಸೇರಿಸುತ್ತದೆ. ಪ್ಲಾಸ್ಟಿಕ್ ಸೇರಿಸುವುದಿಲ್ಲ. ಡಬ್ಬಿಗೆ ಬೇರೆ ತಂತಿ ಎಳೆಯದಿದ್ದರೆ ಅಲ್ಯೂಮಿನಿಯಂ ಕವಚ ಇದ್ದೂ ಇಲ್ಲದಂತೆ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಒಳಗೆ ಬರುತ್ತದೆ. ಬೆಸುಗೆ ಹಾಕುವಾಗ ಜಾಕಿನಲ್ಲಿ ಒಂದು ಹಳೆಯ ಪ್ಲಗ್ ಚುಚ್ಚಿಟ್ಟುಕೊಳ್ಳಿ. ಗೂಡು ಬಿಸಿಗೆ ಮೆತ್ತಗಾದರೂ ಎಲೆಗಳು ಜಾಗ ಬಿಟ್ಟು ಕದಲುವುದಿಲ್ಲ. ಸರ್ಕ್ಯೂಟ್ ಬೋರ್ಡಿಗೇ ನೇರ ಕೂರುವ ಜಾಕುಗಳಿಗೆ ನಾನು ಕೈ ಹಾಕಲಿಲ್ಲ. ನಟ್ಟು ಸ್ವಲ್ಪ ಸಡಿಲಾದರೂ ಕೇಬಲ್ಲಿನ ಎಳೆತವೆಲ್ಲ ಬೆಸುಗೆಯ ಮೇಲೆ ಬಿದ್ದು ಬಿರುಕು ಬಿಡುತ್ತದೆ.

ಕೊನೆಗೆ ಇನ್‌ಪುಟ್ಟಿಗೆ ಓಪನ್ ಸ್ಟೀರಿಯೋ, ಔಟ್‌ಪುಟ್ಟಿಗೆ ಓಪನ್ ಮೋನೋ ಕಟ್ಟಿಸಿಕೊಂಡೆ, ಎರಡೂ ಆಮದಿನವು. ಲೋಕಲ್ ಮಾಲಿನಲ್ಲೂ ಪರೀಕ್ಷೆ ಪಾಸಾದ ಒಂದಷ್ಟನ್ನು ಮನೆಯ ಟೆಸ್ಟ್ ಬೋರ್ಡಿಗೆಂದು ಆರಿಸಿಕೊಂಡೆ. ಪೊಟ್ಟಣದಲ್ಲಿ ನಟ್ಟು, ಚಪ್ಪಟೆ ವಾಷರ್ ಇದ್ದವು, ಹಲ್ಲಿನ ಸ್ಟಾರ್ ವಾಷರ್ ಇರಲಿಲ್ಲ. ಡಬ್ಬಿಯ ಒಳಮೈಗೆ ಅದನ್ನು ಕೂರಿಸದಿದ್ದರೆ ಜಾಕ್ ತಿರುಗುತ್ತಾ ತಿರುಗುತ್ತಾ ತಂತಿಯನ್ನೇ ಕಡಿದುಕೊಳ್ಳುತ್ತದೆ. "ಅದು ನಮ್ಮಲ್ಲಿ ಬರಲ್ಲ, ಹಾರ್ಡ್‌ವೇರ್‌ನವರನ್ನ ಕೇಳಿ" ಎಂದು ಕೆಳಗಿನ ಗಲ್ಲಿಯ ಕಡೆ ಕೈ ತೋರಿಸಿದರು. ಅಲ್ಲಿ ತೂಕದ ಲೆಕ್ಕದಲ್ಲಿ ಕೊಟ್ಟರು.