ಒಂಬತ್ತನೇ ಕ್ಲಾಸಿಗೆ ವಡೋದರಾದಲ್ಲಿ ಸೀಟು: ವೇಟಿಂಗ್ ಲಿಸ್ಟ್ ಹೇಗೆ ಓಡುತ್ತೆ?

ಬೆಂಗಳೂರು ಬಿಟ್ಟು ಅಹಮದಾಬಾದ್, ಸೂರತ್, ವಡೋದರಾಗೆ ಬರ್ತಿರೋ ನಮ್ಮ ಐಟಿ ಜನ ನನ್ನನ್ನ ಕೇಳೋ ಮೊದಲ ಪ್ರಶ್ನೆ ಬಾಡಿಗೆ ಮನೆಯದ್ದಲ್ಲ. "ಮಗಳು ಈ ವರ್ಷ ಒಂಬತ್ತನೇ ಕ್ಲಾಸು, ಸೀಟ್ ಸಿಗುತ್ತಾ?" ಅಂತ. ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳಿ. ನಮ್ಮಲ್ಲಿ ಹೈಸ್ಕೂಲು ಎಂಟರಿಂದ ಶುರು. ಗುಜರಾತಿನಲ್ಲಿ ಪ್ರಾಥಮಿಕ ಅಂದ್ರೆ 1ರಿಂದ 8, ಮಾಧ್ಯಮಿಕ ಅಂದ್ರೆ 9 ಮತ್ತು 10. ಮಹಾನಗರ ಪಾಲಿಕೆಯ ಶಾಲೆಗಳು ಮುಖ್ಯವಾಗಿ ಎಂಟರವರೆಗೆ ಇರೋವು. ಆರ್‌ಟಿಇ ಸೀಟೂ ಎಂಟಕ್ಕೇ ಮುಗಿಯುತ್ತೆ. ಹಾಗಾಗಿ 'ಧೋರಣ್ 9' ಬಾಗಿಲಲ್ಲಿ ಊರಿನ ಮಕ್ಕಳೆಲ್ಲ ಒಟ್ಟಿಗೆ ನಿಂತಿರ್ತಾರೆ. ಅವರು ಹೋಗೋದು ಹೆಚ್ಚಾಗಿ ಟ್ರಸ್ಟ್ ನಡೆಸೋ, ಸರ್ಕಾರದ ಅನುದಾನ ಪಡೆಯೋ 'ಗ್ರಾಂಟೆಡ್' ಶಾಲೆಗಳಿಗೆ. ಫೀಸು ಕಡಿಮೆ, ಮೇಷ್ಟ್ರುಗಳು ಕಾಯಂ, ಆದರೆ ಬಹುಪಾಲು ಗುಜರಾತಿ ಮಾಧ್ಯಮ. ಇಂಗ್ಲಿಷ್ ಮಾಧ್ಯಮದ ಗ್ರಾಂಟೆಡ್ ಸೀಟು ಅಪರೂಪ. ಕ್ಯೂ ಉದ್ದ ಇರೋದು ಅಲ್ಲೇ.

ಶಾಲೆಯವರು ತಮ್ಮದೇ ಎಂಟನೇ ಕ್ಲಾಸಿನ ಮಕ್ಕಳನ್ನ ಮೊದಲು ಒಳಗೆ ತಗೋತಾರೆ, ಉಳಿದದ್ದು ಹೊರಗಿನವರಿಗೆ. ಆದ್ದರಿಂದ "ವೇಟಿಂಗ್‌ನಲ್ಲಿ ಎಷ್ಟನೇ ನಂಬರು?" ಅಂತ ಕೇಳಿದ್ರೆ ಸಾಲದು. "ಒಟ್ಟು ಎಷ್ಟು ಸೆಕ್ಷನ್, ಖಾಲಿ ಎಷ್ಟು, ಹಳೇ ಮಕ್ಕಳು ಯಾವ ತಾರೀಖಿನೊಳಗೆ ಖಚಿತ ಮಾಡ್ಬೇಕು?" ಅಂತ ಕೇಳಿ. ಆ ತಾರೀಖು ದಾಟಿದ ಮೇಲೇ ಲಿಸ್ಟ್ ಅಲುಗಾಡೋದು. ರಾಜ್ಯ ಬೋರ್ಡಿನ ವರ್ಷ ಜೂನ್‌ನಲ್ಲಿ ಶುರು, ಸಿಬಿಎಸ್‌ಇ ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲಿ ಸಿಬಿಎಸ್‌ಇ ಕೈಕೊಟ್ಟರೂ ಜೂನ್‌ವರೆಗೆ ಇನ್ನೊಂದು ದಾರಿ ಉಳಿದಿರುತ್ತೆ. ಊರಿಗೆ ಹೋಗೋ ರಜೆಯನ್ನ ಇದನ್ನ ನೋಡ್ಕೊಂಡೇ ಇಟ್ಕೊಳ್ಳಿ.

ಕೇಂದ್ರೀಯ ವಿದ್ಯಾಲಯದ ಆಸೆ ಎಲ್ಲರಿಗೂ. ಅಲ್ಲಿ ಕೇಂದ್ರ ಸರ್ಕಾರಿ ನೌಕರರು ಮೊದಲು, ಕೇಂದ್ರದ ಸ್ವಾಯತ್ತ ಸಂಸ್ಥೆ ಮತ್ತು ಸಾರ್ವಜನಿಕ ಉದ್ದಿಮೆಯವರು ಎರಡನೇ ವರ್ಗ. ಆಮೇಲೆ ರಾಜ್ಯ ಸರ್ಕಾರದವರು, ರಾಜ್ಯದ ಉದ್ದಿಮೆಯವರು. ಖಾಸಗಿ ಕಂಪನಿಯ ನಾವು ಕೊನೆಯ ಐದನೇ ವರ್ಗ. ಕೊಯಾಲಿ ರಿಫೈನರಿ ಗೇಟ್ ಪಾಸ್ ಕೊರಳಲ್ಲಿ ಇದ್ರೂ, ಸಂಬಳ ಕೊಡೋದು ವೆಂಡರ್ ಕಂಪನಿ ಆದ್ರೆ ಎರಡನೇ ವರ್ಗ ಸಿಗಲ್ಲ. ಒಂಬತ್ತಕ್ಕೆ ಪ್ರವೇಶ ಪರೀಕ್ಷೆ ಬೇರೆ, ಅದೂ ಸೀಟು ಖಾಲಿ ಇದ್ರೆ ಮಾತ್ರ. ಅರ್ಜಿ ಹಾಕಿ, ಆದರೆ ಅದನ್ನೇ ನಂಬ್ಕೊಂಡು ಕೂರಬೇಡಿ.

ಇನ್ನು ಕಾಗದಪತ್ರ. ಹೊಸ ಶಾಲೆಯಿಂದ ಬರವಣಿಗೆಯಲ್ಲಿ ಖಚಿತ ಆಗೋವರೆಗೆ ಹಳೇ ಶಾಲೆಯ ಟಿಸಿ ತಗೋಬೇಡಿ. ಇಲ್ಲಿ ಅದನ್ನ ಎಲ್‌ಸಿ ಅಂತಾರೆ. ಟಿಸಿ ತಗೊಂಡ ಕ್ಷಣ ಅಲ್ಲಿನ ಸೀಟು ಹೋಯ್ತು, ಇಲ್ಲಿಂದು ಇನ್ನೂ ಬಂದಿಲ್ಲ. ತಗೊಳ್ಳೋವಾಗ ಬಿಇಒ ಕಚೇರಿಯ ಮೇಲುಸಹಿ ಹಾಕಿಸ್ಕೊಂಡೇ ಬನ್ನಿ. ರಾಜ್ಯ ದಾಟೋ ಟಿಸಿಗೆ ಅದನ್ನ ಕೇಳ್ತಾರೆ, ಒಂದು ಸಹಿಗೆ ಮತ್ತೆ ರೈಲು ಹತ್ತೋದು ಯಾರಿಗೆ ಬೇಕು?

ಭಾಷೆ ವಿಚಾರ: 2023ರ ಕಾಯ್ದೆ ಗುಜರಾತಿ ಕಡ್ಡಾಯ ಮಾಡಿರೋದು 1ರಿಂದ 8ಕ್ಕೆ. ಒಂಬತ್ತಕ್ಕೆ ಬರೋರು ಆ ಶಾಲೆಯಲ್ಲಿ ಯಾವ್ಯಾವ ಭಾಷೆ ಇದೆ ಅಂತ ಮೊದಲೇ ಕೇಳ್ಕೊಳ್ಳಿ.

ಈಗ ನಿಜವಾಗ್ಲೂ ಯೋಚಿಸಬೇಕಾದ ಮಾತು. ಕರ್ನಾಟಕದ ಸಿಇಟಿಯಲ್ಲಿ ಸಾಮಾನ್ಯ ಅರ್ಹತೆಗೆ ಕರ್ನಾಟಕದಲ್ಲಿ ಏಳು ವರ್ಷ ಓದಿದ್ರೆ ಸಾಲದು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯಲ್ಲಿ ಒಂದನ್ನಾದ್ರೂ ಅಲ್ಲಿ ಪಾಸಾಗಿರಬೇಕು. ಅಂದ್ರೆ ಎಂಟು ವರ್ಷ ಅಲ್ಲಿ ಓದಿ, 9ರಿಂದ 12 ಇಲ್ಲಿ ಮುಗಿಸಿದ ಮಗು ಆ ಷರತ್ತಿಗೆ ಕೂರಲ್ಲ. ಹೊರನಾಡ ಕನ್ನಡಿಗರಿಗೆ ಬೇರೆ ಷರತ್ತು ಇದೆ, ಕನ್ನಡ ಪರೀಕ್ಷೆಯೂ ಇದೆ. ಆಯಾ ವರ್ಷದ ಕೆಇಎ ಕೈಪಿಡಿಯಲ್ಲಿ ಅದನ್ನ ಪೂರ್ತಿ ಓದಿ. ಹನ್ನೆರಡನೇದನ್ನ ಇಲ್ಲೇ ಮುಗಿಸಿದ್ರೆ ಗುಜರಾತಿನ ಎಂಜಿನಿಯರಿಂಗ್ ಪ್ರವೇಶದ ದಾರಿ ತೆರೆದಿರುತ್ತೆ, ಅದು ಸಣ್ಣದೇನಲ್ಲ.

ವರ್ಗಾವಣೆಯನ್ನ ಎರಡು ವರ್ಷ ಮುಂದೂಡೋಕೆ ಮ್ಯಾನೇಜರ್ ಒಪ್ಪಿದ್ರೆ, ಎಸ್ಸೆಸ್ಸೆಲ್ಸಿ ಅಲ್ಲೇ ಮುಗಿಸಿ ಹನ್ನೊಂದಕ್ಕೆ ಬನ್ನಿ ಅಂತ ನಾನು ಹೇಳ್ತೀನಿ. ಆಗದಿದ್ರೆ ಬನ್ನಿ, ಮಗುವಿನ ಕನ್ನಡ ಓದು ಬರಹ ಬಿಡಿಸಬೇಡಿ, ಒಂದರಿಂದ ಎಂಟರವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನ ಆ ಶಾಲೆಯಿಂದ ಈಗಲೇ ಬರೆಸ್ಕೊಂಡು ಇಟ್ಕೊಳ್ಳಿ.